ಇಂಗ್ಲಿಷು ಶಬ್ದಗಳ ಕಲಿಕೆ: ಕೋಶಪಾಠವೂ ಪ್ರಯೋಗಪಾಠವೂ

೧

ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದುವ ವಿದ್ಯಾರ್ಥಿಗೆ ಹತ್ತನೆಯ ತರಗತಿಯವರೆಗೆ ಇಂಗ್ಲಿಷು ಹಲವು ಪಾಠಗಳಲ್ಲಿ ಒಂದು ಪಾಠ. ಅನಂತರ ವಿಜ್ಞಾನವನ್ನು ಆರಿಸಿಕೊಂಡು ಮುಂದುವರಿಯುವವರಲ್ಲಿ ಅನೇಕರಿಗೆ ಅದೇ ಇಂಗ್ಲಿಷು ಉಳಿದೆಲ್ಲ ಪಾಠಗಳಿಗೂ ಬಾಗಿಲಾಗುತ್ತದೆ. ಆ ಬಾಗಿಲು ತೆರೆಯದಿದ್ದರೆ ಒಳಗಿರುವ ಭೌತಶಾಸ್ತ್ರವಾಗಲಿ ರಸಾಯನಶಾಸ್ತ್ರವಾಗಲಿ ಕೈಗೆ ಸಿಕ್ಕದು. ತಮ್ಮ ಭಾಷೆಯಲ್ಲಿ ಇದೇ ವಿಷಯಗಳನ್ನು ಚೆನ್ನಾಗಿ ಬಲ್ಲ ಬುದ್ಧಿವಂತರಾದ ಹುಡುಗರೂ ಹುಡುಗಿಯರೂ ಈ ಹೊಸ್ತಿಲಿನಲ್ಲಿ ಎಡವುವುದನ್ನು ಉಪಾಧ್ಯಾಯರು ಬಲ್ಲರು.

ಇವರು ಇಂಗ್ಲಿಷು ಶಬ್ದಗಳನ್ನು ಕಲಿಯದೆಯೇ ಬಂದವರಲ್ಲ. ಪ್ರತಿಯೊಂದು ಪಾಠದ ಕೊನೆಗೂ ‘ಕಠಿಣ ಪದಗಳು’ ಎಂಬ ಪಟ್ಟಿಯನ್ನು ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ ಎಂಬ ಕ್ರಮದಲ್ಲಿ ಬರೆದು ಬಾಯಿಪಾಠ ಮಾಡಿದವರು. ಪಟ್ಟಿಯ ಕ್ರಮದಲ್ಲಿ ಕೇಳಿದರೆ ಅರ್ಥವನ್ನು ಹೇಳಬಲ್ಲರು. ಅದೇ ಶಬ್ದವು ಬೇರೊಂದು ವಾಕ್ಯದಲ್ಲಿ ಎದುರಾದರೆ ಗುರುತು ಹಿಡಿಯಲಾರರು. ಅದನ್ನು ಬಳಸಿ ಬರೆಯೆಂದರೆ ಕನ್ನಡದ ವಾಕ್ಯಕ್ಕೆ ಇಂಗ್ಲಿಷಿನ ಶಬ್ದಗಳನ್ನು ತೊಡಿಸುವರು. ಹೀಗಿರಲು ಪಟ್ಟಿಯ ಪ್ರಯೋಜನ ಎಲ್ಲಿಯವರೆಗೆ, ಅದರ ಶಕ್ತಿ ಮುಗಿಯುವುದೆಲ್ಲಿ, ಅದನ್ನು ತುಂಬಿಕೊಡಲು ವಿದ್ಯಾರ್ಥಿಯ ಕನ್ನಡಜ್ಞಾನದಿಂದ ದೊರೆಯುವ ನೆರವು ಯಾವುದು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

೨

ಅರ್ಥಸಹಿತವಾದ ಶಬ್ದಾವಳಿಯನ್ನು ಕಂಠಸ್ಥ ಮಾಡುವುದು ಇಂಗ್ಲಿಷಿನೊಡನೆ ಬಂದ ಪದ್ಧತಿಯಲ್ಲ. ಅಮರಸಿಂಹನ ನಾಮಲಿಂಗಾನುಶಾಸನವನ್ನು ಈ ದೇಶದ ಬಾಲಕರು ಶತಮಾನಗಳ ಕಾಲ ಬಾಯಿಪಾಠ ಮಾಡಿದರು. ಕನ್ನಡದಲ್ಲಿಯೂ ರನ್ನಕಂದ, ನಾಗವರ್ಮನ ಅಭಿಧಾನ ವಸ್ತುಕೋಶ, ೧೩೯೮ರ ಅಭಿನವ ಮಂಗರಾಜನ ನಿಘಂಟು ಮೊದಲಾದ ಕೋಶಗಳು ಹುಟ್ಟಿದುವು. ಇವುಗಳಲ್ಲಿ ವಸ್ತುಕೋಶವು ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಗ್ರಂಥ. ಪರಭಾಷೆಯ ಶಬ್ದಕ್ಕೆ ಸ್ವಭಾಷೆಯ ಅರ್ಥವನ್ನು ಜೋಡಿಸಿ ಕಲಿಸುವ ಕ್ರಮವು ಕನ್ನಡಿಗರಿಗೆ ಎಂಟುನೂರು ವರ್ಷಗಳಿಗೂ ಹಿಂದಿನಿಂದ ಪರಿಚಿತವಾದುದು ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಆ ಕಾಲದ ಅಧ್ಯಯನದಲ್ಲಿ ಕೋಶವು ಒಂಟಿಯಾಗಿರಲಿಲ್ಲ. ಮೊದಲನೆಯದಾಗಿ, ಅದು ಪದ್ಯರೂಪದಲ್ಲಿದ್ದುದರಿಂದ ಛಂದಸ್ಸೇ ನೆನಪಿಗೆ ಆಧಾರವಾಗಿತ್ತು. ಎರಡನೆಯದಾಗಿ, ಕೋಶದ ಪಾಠವಾದ ಮೇಲೆ, ಕೆಲವೊಮ್ಮೆ ಅದರೊಡನೆಯೇ, ಕಾವ್ಯದ ಪಾಠ ನಡೆಯುತ್ತಿತ್ತು. ಗುರುವು ಪದ್ಯವನ್ನು ಬಿಡಿಸಿ, ಅನ್ವಯವನ್ನು ತೋರಿಸಿ, ಪ್ರತಿಪದಾರ್ಥವನ್ನೂ ತಾತ್ಪರ್ಯವನ್ನೂ ಹೇಳುವಾಗ, ಕೋಶದಲ್ಲಿ ಬರಿಯ ಹೆಸರಾಗಿದ್ದ ಶಬ್ದವು ವಾಕ್ಯದೊಳಗೆ ನಿಂತು ತನ್ನ ಕೆಲಸವನ್ನು ಮಾಡುವುದು ಶಿಷ್ಯನಿಗೆ ಕಾಣುತ್ತಿತ್ತು. ಮೂರನೆಯದಾಗಿ, ಒಂದು ಶಬ್ದಕ್ಕೆ ಒಂದೇ ಅರ್ಥವೆಂಬ ಭ್ರಮೆಯನ್ನು ಕೋಶವೇ ಹೋಗಲಾಡಿಸುತ್ತಿತ್ತು. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವೆಂಬ ಪ್ರತ್ಯೇಕ ಭಾಗವುಂಟು. ‘ಹರಿ’ ಎಂಬ ಶಬ್ದಕ್ಕೆ ವಿಷ್ಣು, ಸಿಂಹ, ಕಪಿ, ಸೂರ್ಯ, ಕುದುರೆ ಎಂದು ಮುಂತಾದ ಅರ್ಥಗಳಿರುವುದನ್ನು ಬಾಲ್ಯದಲ್ಲಿಯೇ ಕಲಿತವನು ಪ್ರಕರಣವನ್ನು ನೋಡದೆ ಅರ್ಥ ಹೇಳಲು ಹೋಗುತ್ತಿರಲಿಲ್ಲ.

ಇಂಗ್ಲಿಷನ್ನು ಕುರಿತು ಕನ್ನಡದಲ್ಲಿ ಹುಟ್ಟಿದ ದೊಡ್ಡ ಕೋಶಗಳೂ ಈ ಎಚ್ಚರವನ್ನು ಬಿಟ್ಟಿಲ್ಲ. ವಿಲಿಯಂ ರೀವ್ ಅವರ ಇಂಗ್ಲಿಷು-ಕನ್ನಡ ನಿಘಂಟು ೧೮೨೪ರಲ್ಲಿಯೂ, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷು-ಕನ್ನಡ ನಿಘಂಟು ೧೯೪೬ರಲ್ಲಿಯೂ ಪ್ರಕಟವಾದುವು. ಇಂತಹ ಕೋಶದ ಯಾವ ಪುಟವನ್ನು ತೆರೆದರೂ ಒಂದು ಶಬ್ದದ ಕೆಳಗೆ ಹಲವು ಅರ್ಥಗಳು ಸಾಲಾಗಿ ನಿಂತಿರುವುವು. ಶಾಲೆಯ ಪಟ್ಟಿಯು ಅವುಗಳಲ್ಲಿ ಒಂದನ್ನು ಕಿತ್ತು ತಂದು ಉಳಿದುವನ್ನು ಬಿಡುತ್ತದೆ. ಪರಂಪರೆಯ ಕೋಶಪಾಠದಿಂದ ಕಂಠಪಾಠವೊಂದನ್ನು ಉಳಿಸಿಕೊಂಡು, ಅದಕ್ಕೆ ಆಸರೆಯಾಗಿದ್ದ ಛಂದಸ್ಸು, ಕಾವ್ಯ, ನಾನಾರ್ಥ ಈ ಮೂರನ್ನೂ ಕೈಬಿಟ್ಟುದು ಇಂದಿನ ಪದ್ಧತಿಯ ಮುಖ್ಯ ಕೊರತೆಯೆನ್ನಬಹುದು.

೩

ಯಾವ ಶಬ್ದಗಳನ್ನು ಮೊದಲು ಕಲಿಸಬೇಕು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ವಿದ್ವಾಂಸರು ಎಣಿಕೆಯ ಮೂಲಕ ಉತ್ತರವನ್ನು ಹುಡುಕಿದರು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಅವರು ೧೯೨೧ರಲ್ಲಿ ಹತ್ತು ಸಾವಿರ ಶಬ್ದಗಳನ್ನು, ಬರಹದಲ್ಲಿ ಎಷ್ಟು ಸಲ ಬರುವುವು ಎಂಬುದನ್ನು ಅನುಸರಿಸಿ, ಉಪಾಧ್ಯಾಯರ ಉಪಯೋಗಕ್ಕಾಗಿ ಪ್ರಕಟಿಸಿದರು. ಬಂಗಾಳದ ಢಾಕಾದಲ್ಲಿ ಉಪಾಧ್ಯಾಯರ ಶಿಕ್ಷಣದಲ್ಲಿ ನಿರತರಾಗಿದ್ದ ಮೈಕೇಲ್ ವೆಸ್ಟ್ ಅವರು ೧೯೨೬ರಲ್ಲಿ ಬಂಗಾಳಿ ಬಾಲಕರ ದ್ವಿಭಾಷಾಸ್ಥಿತಿಯನ್ನು ಕುರಿತು ಗ್ರಂಥವನ್ನು ಹೊರತಂದು, ಅವರಿಗೆ ಮುಖ್ಯವಾಗಿ ಬೇಕಾದುದು ಇಂಗ್ಲಿಷನ್ನು ಓದಿ ತಿಳಿಯುವ ಶಕ್ತಿಯೆಂದು ವಾದಿಸಿದರು. ಹೊಸ ಶಬ್ದಗಳನ್ನು ಸ್ವಲ್ಪಸ್ವಲ್ಪವಾಗಿ ತಂದು, ತಂದುದನ್ನು ಮತ್ತೆ ಮತ್ತೆ ಬರುವಂತೆ ಮಾಡುವ ವಾಚಕಗಳನ್ನೂ ರಚಿಸಿದರು. ಸುಮಾರು ಎರಡು ಸಾವಿರ ಶಬ್ದಗಳ ಅವರ ಸಾಮಾನ್ಯೋಪಯೋಗಿ ಪಟ್ಟಿಯು ೧೯೫೩ರಲ್ಲಿ ಪ್ರಕಟವಾಯಿತು.

ಇಂತಹ ಎಣಿಕೆಗಳಿಂದ ತಿಳಿದುಬಂದ ಸಂಗತಿಯು ಸ್ವಾರಸ್ಯವಾದುದು. ಸಾಧಾರಣವಾದ ಇಂಗ್ಲಿಷು ಬರಹದಲ್ಲಿ ಸಾಲಾಗಿ ಬರುವ ನೂರು ಶಬ್ದಗಳಲ್ಲಿ ಸುಮಾರು ಎಂಬತ್ತು ಈ ಎರಡು ಸಾವಿರದ ಒಳಗಿನವೇ. ಉಳಿದ ಇಪ್ಪತ್ತಕ್ಕೆ ಸಹಸ್ರಾರು ಶಬ್ದಗಳು ಬೇಕು. ನ್ಯೂಜಿಲೆಂಡಿನ ಪಾಲ್ ನೇಷನ್ ಅವರು ೨೦೦೬ರಲ್ಲಿ ಮಾಡಿದ ಲೆಕ್ಕದಂತೆ, ನೂರಕ್ಕೆ ತೊಂಬತ್ತೆಂಟು ಶಬ್ದಗಳು ಪರಿಚಿತವಾಗಿರಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಶಬ್ದಕುಟುಂಬಗಳ ಪರಿಚಯ ಅವಶ್ಯಕ. ಶಾಸ್ತ್ರಗ್ರಂಥಗಳನ್ನು ಓದುವವರಿಗಾಗಿ ಎವೆರಿಲ್ ಕಾಕ್ಸ್‌ಹೆಡ್ ಅವರು ೨೦೦೦ದಲ್ಲಿ ೫೭೦ ಶಬ್ದಕುಟುಂಬಗಳ ಬೇರೊಂದು ಪಟ್ಟಿಯನ್ನು ಸಿದ್ಧಪಡಿಸಿದರು. ಎಲ್ಲ ಶಾಸ್ತ್ರಗಳಿಗೂ ಸಾಮಾನ್ಯವಾದ ‘ಅಸ್ಯೂಮ್’, ‘ಡಿರೈವ್’, ‘ಫ್ಯಾಕ್ಟರ್’ ಮೊದಲಾದ ಈ ಶಬ್ದಗಳು ಶಾಸ್ತ್ರಬರಹದ ನೂರರಲ್ಲಿ ಸುಮಾರು ಹತ್ತು ಪಾಲನ್ನು ಆಕ್ರಮಿಸಿರುವುವು.

ಶಾಲೆಯ ‘ಕಠಿಣ ಪದ’ಗಳ ಪಟ್ಟಿಯನ್ನು ಈ ಲೆಕ್ಕದೊಡನೆ ಹೋಲಿಸಿದರೆ ದೋಷವು ಸ್ಪಷ್ಟವಾಗುವುದು. ಕಥೆಯಲ್ಲಿ ಒಮ್ಮೆ ಬಂದು ಮತ್ತೆ ಎಲ್ಲಿಯೂ ಕಾಣದ ಅಪೂರ್ವ ಶಬ್ದಕ್ಕೆ ಪಟ್ಟಿಯಲ್ಲಿ ಸ್ಥಾನವುಂಟು. ಪುಟಪುಟಕ್ಕೂ ಬರುವ ‘ಗೆಟ್’, ‘ಟೇಕ್’, ‘ಹ್ಯಾವ್’ಗಳಿಗೆ ಸುಲಭವೆಂಬ ಕಾರಣದಿಂದ ಸ್ಥಾನವಿಲ್ಲ. ಮುಂದಿನ ತರಗತಿಗಳ ಭೌತಶಾಸ್ತ್ರವನ್ನು ಓದಲು ಬೇಕಾಗುವ ‘ಅಸ್ಯೂಮ್’ ಎಂಬುದೂ ಅನೇಕ ವೇಳೆ ಹಾಗೆಯೇ ಹೊರಗೆ ಉಳಿಯುತ್ತದೆ.

೪

ಸುಲಭವೆಂದು ಬಿಟ್ಟ ಶಬ್ದಗಳೇ ಕನ್ನಡಿಗನಿಗೆ ಕಷ್ಟವಾಗಲು ಕಾರಣವುಂಟು. ಎರಡು ಭಾಷೆಗಳು ಲೋಕವನ್ನು ಒಂದೇ ಗೆರೆಯಲ್ಲಿ ವಿಭಾಗಿಸುವುದಿಲ್ಲ. ಕನ್ನಡದ ‘ಹಾಕು’ ಧಾತುವನ್ನು ಪರಿಶೀಲಿಸಬಹುದು. ಅಂಗಿ ಹಾಕುವುದು, ಬಾಗಿಲು ಹಾಕುವುದು, ದೀಪ ಹಾಕುವುದು, ಸಹಿ ಹಾಕುವುದು, ಲೆಕ್ಕ ಹಾಕುವುದು ಇವೆಲ್ಲ ಒಂದೇ ಕ್ರಿಯಾಪದದಿಂದ ಸಾಗುತ್ತವೆ. ಇಂಗ್ಲಿಷಿನಲ್ಲಿ ಇವುಗಳಿಗೆ ಕ್ರಮವಾಗಿ ‘ಪುಟ್ ಆನ್’, ‘ಷಟ್’, ‘ಸ್ವಿಚ್ ಆನ್’, ‘ಸೈನ್’, ‘ಕ್ಯಾಲ್ಕ್ಯುಲೇಟ್’ ಎಂಬ ಬೇರೆ ಬೇರೆ ಕ್ರಿಯೆಗಳು ಬೇಕು. ‘ಪುಟ್ ಎಂದರೆ ಹಾಕು’ ಎಂದು ಮಾತ್ರ ಕಲಿತ ಹುಡುಗನು ಬಾಗಿಲಿಗೂ ಲೆಕ್ಕಕ್ಕೂ ‘ಪುಟ್’ ಎಂದೇ ಬಳಸಿದರೆ ಅವನ ತಪ್ಪು ಅಜ್ಞಾನದಿಂದ ಆದುದಲ್ಲ. ಕಲಿತ ಸಮೀಕರಣವನ್ನು ನಿಷ್ಠೆಯಿಂದ ಪಾಲಿಸಿದುದರಿಂದ ಆದುದು.

ಇದಕ್ಕೆ ಪ್ರತಿಯಾಗಿ ಇಂಗ್ಲಿಷಿನ ಒಂದು ಶಬ್ದಕ್ಕೆ ಕನ್ನಡದಲ್ಲಿ ಹಲವು ಶಬ್ದಗಳಿರುವುದೂ ಉಂಟು. ಗದ್ದೆಯ ಭತ್ತ, ಚೀಲದ ಅಕ್ಕಿ, ಎಲೆಯ ಮೇಲಿನ ಅನ್ನ ಕನ್ನಡಿಗನಿಗೆ ಮೂರು ಬೇರೆ ವಸ್ತುಗಳು. ‘ರೈಸ್’ ಎಂಬ ಶಬ್ದವು ಮೂರನ್ನೂ ಒಳಗೊಳ್ಳಬಲ್ಲದು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಇವರೆಲ್ಲ ‘ಅಂಕಲ್’ ಎಂಬ ಒಂದೇ ಹೆಸರಿನಲ್ಲಿ ಅಡಗುವರು. ಇನ್ನು ‘ಹ್ಯಾವ್’ ಎಂಬುದಕ್ಕೆ ಸರಿಸಮನಾದ ಕ್ರಿಯಾಪದವೇ ಕನ್ನಡದಲ್ಲಿಲ್ಲ. ‘ಅವನಿಗೆ ಇಬ್ಬರು ಮಕ್ಕಳಿದ್ದಾರೆ’, ‘ಅವನಿಗೆ ಜ್ವರ ಬಂದಿದೆ’, ‘ಅವನ ಹತ್ತಿರ ಹಣವಿದೆ’ ಎಂದು ವಿಭಕ್ತಿ ಪ್ರತ್ಯಯಗಳಿಂದಲೂ ‘ಹತ್ತಿರ’ದಂತಹ ಪದಗಳಿಂದಲೂ ಕನ್ನಡವು ಸಾಧಿಸುವ ಕೆಲಸವನ್ನು ಇಂಗ್ಲಿಷು ಒಂದು ಕ್ರಿಯೆಗೆ ಒಪ್ಪಿಸಿದೆ. ಇದನ್ನು ಶಬ್ದಕ್ಕೆ ಶಬ್ದವೆಂಬ ಪಟ್ಟಿಯಿಂದ ಕಲಿಸಲು ಸಾಧ್ಯವಿಲ್ಲ. ವಾಕ್ಯಕ್ಕೆ ವಾಕ್ಯವನ್ನು ಎದುರಿಟ್ಟೇ ಕಲಿಸಬೇಕು.

ಶಬ್ದಗಳ ಸಹವಾಸವೂ ಅಷ್ಟೇ ಮುಖ್ಯವಾದುದು. ಕನ್ನಡಿಗನು ಒಂದು ವಿಷಯದ ‘ಬಗ್ಗೆ’ ಚರ್ಚಿಸುವನಾದುದರಿಂದ ‘ಡಿಸ್ಕಸ್’ ಎಂಬುದರ ಮುಂದೆ ‘ಅಬೌಟ್’ ಎಂಬುದನ್ನು ಸೇರಿಸುವನು. ಇಂಗ್ಲಿಷಿನ ಆ ಕ್ರಿಯೆಯು ನೇರವಾಗಿ ಕರ್ಮವನ್ನು ಹಿಡಿಯುತ್ತದೆ. ತಪ್ಪನ್ನು ‘ಮೇಕ್’ ಮಾಡುವರು, ಮನೆಪಾಠವನ್ನು ‘ಡೂ’ ಮಾಡುವರು, ಔಷಧವನ್ನು ‘ಟೇಕ್’ ಮಾಡುವರು ಎಂಬುದಕ್ಕೆ ರೂಢಿಯೊಂದೇ ಕಾರಣ. ಇಂತಹ ಪದಸಂಯೋಗಗಳನ್ನು ಬಿಡಿಸದೆ ಒಂದೊಂದನ್ನೂ ಇಡಿಯಾಗಿ ಕಲಿಯಬೇಕೆಂದು ಟೋಕಿಯೋದಲ್ಲಿ ಇಂಗ್ಲಿಷು ಬೋಧನೆಯ ಸಂಶೋಧನೆಯನ್ನು ನಡೆಸುತ್ತಿದ್ದ ಹೆರಲ್ಡ್ ಪಾಮರ್ ಅವರು ೧೯೩೩ರ ವರದಿಯಲ್ಲಿ ಪ್ರತಿಪಾದಿಸಿದ್ದರು.

೫

ಕನ್ನಡದ ವಿದ್ಯಾರ್ಥಿಯು ಬರಿಗೈಯಲ್ಲಿ ಇಂಗ್ಲಿಷು ತರಗತಿಗೆ ಬರುವುದಿಲ್ಲ. ಬಸ್ಸು, ರೈಲು, ಪೆನ್ನು, ಹೋಟೆಲು, ಕರೆಂಟು, ಟಿಕೆಟ್ಟು ಮುಂತಾದ ಅನೇಕ ಶಬ್ದಗಳು ಅವನ ಮನೆಮಾತಿನಲ್ಲಿಯೇ ಇವೆ. ಇವು ಕಲಿಕೆಗೆ ಒಳ್ಳೆಯ ಬಂಡವಾಳ. ಆದರೆ ಈ ಬಂಡವಾಳವನ್ನು ಲೆಕ್ಕ ನೋಡದೆ ಬಳಸಿದರೆ ನಷ್ಟವೂ ಉಂಟು.

ಈ ಲೆಕ್ಕವನ್ನು ನೋಡುವ ಕ್ರಮವನ್ನು ಕನ್ನಡ ವ್ಯಾಕರಣವೇ ಕಲಿಸಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬರುವಾಗ ಪಡೆಯುವ ಧ್ವನಿವ್ಯತ್ಯಾಸಗಳನ್ನು ನಿರೂಪಿಸಿದ್ದಾನೆ. ಯಕಾರವು ಜಕಾರವಾಗಿ ‘ಯೋಗಿ’ಯು ‘ಜೋಗಿ’ಯಾಗುವುದನ್ನು ಪ್ರೌಢಶಾಲೆಯ ಹುಡುಗನೂ ಬಲ್ಲನು. ‘ಯಾತ್ರೆ’ಯು ‘ಜಾತ್ರೆ’ಯಾದಾಗ ಧ್ವನಿಯೊಡನೆ ಅರ್ಥವೂ ಬದಲಾಯಿತು. ಕಾಶಿಗೆ ಹೋಗುವುದು ಯಾತ್ರೆ; ಊರದೇವರ ತೇರಿಗೆ ಜನ ನೆರೆಯುವುದು ಜಾತ್ರೆ.

ಇಂಗ್ಲಿಷಿನಿಂದ ಬಂದ ಶಬ್ದಗಳ ಗತಿಯೂ ಹೀಗೆಯೇ. ವ್ಯಂಜನಾಂತವಾದ ‘ಬಸ್’ ಎಂಬುದು ಕನ್ನಡದ ಸ್ವಭಾವಕ್ಕೆ ಅನುಸಾರವಾಗಿ ಉಕಾರವನ್ನು ಪಡೆದು ‘ಬಸ್ಸು’ ಆಯಿತು. ಇಂಗ್ಲಿಷಿನಲ್ಲಿ ‘ರೈಲ್’ ಎಂದರೆ ಕಂಬಿ. ಕನ್ನಡದಲ್ಲಿ ‘ರೈಲು’ ಎಂದರೆ ಕಂಬಿಯ ಮೇಲೆ ಓಡುವ ಗಾಡಿ. ಇಂಗ್ಲಿಷಿನ ‘ಹೋಟೆಲ್’ ಮುಖ್ಯವಾಗಿ ತಂಗುವ ಸ್ಥಳ; ಕನ್ನಡದ ‘ಹೋಟೆಲು’ ಮುಖ್ಯವಾಗಿ ಊಟತಿಂಡಿಯ ಸ್ಥಳ. ‘ಕರೆಂಟ್’ ಎಂಬುದಕ್ಕೆ ನೀರಿನ ಪ್ರವಾಹ, ಗಾಳಿಯ ಪ್ರವಾಹ, ಪ್ರಚಲಿತವಾದುದು ಎಂಬ ಅರ್ಥಗಳೂ ಇವೆ. ಕನ್ನಡದ ‘ಕರೆಂಟು’ ವಿದ್ಯುತ್ತೊಂದೇ. ಇಂತಹವನ್ನು ಉಪಾಧ್ಯಾಯನು ಹೊಸ ತದ್ಭವಗಳೆಂದು ಪರಿಗಣಿಸಿ, ಮೂಲದ ರೂಪವನ್ನೂ ಅರ್ಥವನ್ನೂ ಪಕ್ಕದಲ್ಲಿಟ್ಟು ತೋರಿಸಿದರೆ, ಕನ್ನಡ ವ್ಯಾಕರಣದ ಪಾಠವೂ ಇಂಗ್ಲಿಷಿನ ಪಾಠವೂ ಒಂದನ್ನೊಂದು ಬೆಳಗುವುವು. ಮನೆಮಾತನ್ನು ತಪ್ಪು ಇಂಗ್ಲಿಷೆಂದು ಹಳಿಯುವ ಅಗತ್ಯವೂ ಬೀಳದು. ‘ರೈಲು ಬಂತು’ ಎಂಬುದು ನಿರ್ದುಷ್ಟವಾದ ಕನ್ನಡ.

ಶಬ್ದದ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವ ಅಭ್ಯಾಸದ ವಿಷಯದಲ್ಲಿಯೂ ಇದೇ ವಿವೇಚನೆ ಸಲ್ಲುವುದು. ಬರೆದಂತೆ ಓದದ ಇಂಗ್ಲಿಷಿಗೆ ಅದು ಆರಂಭದಲ್ಲಿ ಊರುಗೋಲಾಗುತ್ತದೆ. ಆದರೆ ದ್ರಾಕ್ಷಿಯ ಬಳ್ಳಿಯನ್ನು ಹೇಳುವ ಶಬ್ದವೂ ಅದರ ಮದ್ಯವನ್ನು ಹೇಳುವ ಶಬ್ದವೂ ಕನ್ನಡ ಲಿಪಿಯಲ್ಲಿ ‘ವೈನ್’ ಎಂದೇ ಆಗುವುವು. ಇಂಗ್ಲಿಷಿನ ಎರಡು ಧ್ವನಿಗಳಿಗೆ ಕನ್ನಡದಲ್ಲಿ ವಕಾರವೊಂದೇ ಇದೆ. ಆದುದರಿಂದ ಕಿವಿಗೆ ಕೇಳಿಸಿ, ಬಾಯಲ್ಲಿ ಹೇಳಿಸಿದ ಮೇಲೆಯೇ ಲಿಪಿಯ ಸಹಾಯ.

೬

ಶಬ್ದಗಳನ್ನು ಒಂದೊಂದಾಗಿ ಕಲಿಯುವುದಕ್ಕಿಂತ ಕುಟುಂಬಗಳಾಗಿ ಕಲಿಯುವುದು ಲಾಭಕರವೆಂಬುದು ಸರ್ವಸಮ್ಮತ. ಇದರಲ್ಲಿ ಕನ್ನಡ ವಿದ್ಯಾರ್ಥಿಗೆ ವಿಶೇಷವಾದ ಅನುಕೂಲ್ಯವಿದೆ. ‘ನೀ’ ಎಂಬ ಸಂಸ್ಕೃತ ಧಾತುವಿಗೆ ಒಯ್ಯು, ನಡೆಸು ಎಂದು ಅರ್ಥ. ನಡೆಸುವವನು ನಾಯಕ, ನಡೆಸುವ ಕ್ರಮ ನೀತಿ. ಉಪಸರ್ಗಗಳು ಸೇರಿದಾಗ ವಿನಯ, ಅಭಿನಯ, ಪರಿಣಯ, ಉಪನಯನ ಮೊದಲಾದುವು ಹುಟ್ಟುವುವು. ಇದೇ ಅರ್ಥದ ಲ್ಯಾಟಿನ್ ಧಾತುವೊಂದರಿಂದ ಇಂಗ್ಲಿಷಿನಲ್ಲಿ ‘ಪ್ರೊಡ್ಯೂಸ್’, ‘ರಿಡ್ಯೂಸ್’, ‘ಇಂಟ್ರೊಡ್ಯೂಸ್’, ‘ಡಿಡಕ್ಟ್’, ‘ಕಂಡಕ್ಟ್’ ಎಂಬ ಶಬ್ದಗಳು ಬಂದಿವೆ. ಅಲ್ಲಿಯೂ ಧಾತು ಒಂದು, ಪೂರ್ವಪ್ರತ್ಯಯ ಹಲವು. ಉಪಸರ್ಗದ ಬಲದಿಂದ ಧಾತುವಿನ ಅರ್ಥವು ದೂರಕ್ಕೆ ಸರಿಯುವುದನ್ನು ‘ಅಭಿನಯ’ದಲ್ಲಿ ಕಂಡವನಿಗೆ ‘ರಿಡ್ಯೂಸ್’ ಎಂಬುದು ‘ಕಡಮೆ ಮಾಡು’ ಎಂದಾದುದು ವಿಚಿತ್ರವೆನಿಸದು. ಧಾತುವಿನಿಂದ ಅರ್ಥವನ್ನು ಊಹಿಸಬಹುದು, ಆದರೆ ಪ್ರಯೋಗವನ್ನು ನೋಡಿಯೇ ನಿಶ್ಚಯಿಸಬೇಕು ಎಂಬ ವಿವೇಕವೂ ಇದರಿಂದಲೇ ಲಭಿಸುವುದು.

‘ಕಂಡಕ್ಟ್’ ಎಂಬ ಒಂದು ಶಬ್ದವನ್ನೇ ಸ್ವಲ್ಪ ವಿಸ್ತರಿಸಬಹುದು. ಹಳ್ಳಿಯ ಹುಡುಗಿಯೂ ಬಸ್ಸಿನ ಕಂಡಕ್ಟರನ್ನು ಬಲ್ಲಳು. ಭೌತಶಾಸ್ತ್ರದ ಇಂಗ್ಲಿಷು ಪುಸ್ತಕದಲ್ಲಿ ತಾಮ್ರವು ಒಳ್ಳೆಯ ‘ಕಂಡಕ್ಟರ್’ ಎಂಬ ವಾಕ್ಯವು ಎದುರಾದಾಗ, ಪಟ್ಟಿಯ ಒಂದೇ ಅರ್ಥವನ್ನು ನಂಬಿದವಳು ತಬ್ಬಿಬ್ಬಾಗುವಳು. ಆದರೆ ಅವಳ ಕನ್ನಡದಲ್ಲಿಯೇ ಉತ್ತರವಿದೆ: ವಿದ್ಯುತ್ತನ್ನು ಸಾಗಗೊಡುವ ವಸ್ತುವು ‘ವಾಹಕ’, ಬಸ್ಸಿನ ಕೆಲಸವನ್ನು ನಡೆಸುವವನು ‘ನಿರ್ವಾಹಕ’. ಒಂದೇ ಧಾತುವಿನ ಈ ಎರಡು ಶಬ್ದಗಳನ್ನು ಜೊತೆಯಾಗಿ ತೋರಿಸಿದರೆ ಇಂಗ್ಲಿಷು ಶಬ್ದದ ಎರಡು ಅರ್ಥಗಳಿಗೂ ಇರುವ ಸಂಬಂಧವು ಕಣ್ಣಿಗೆ ಕಟ್ಟುತ್ತದೆ. ಅನಂತರ ಸಭೆಯನ್ನೋ ಪರೀಕ್ಷೆಯನ್ನೋ ‘ಕಂಡಕ್ಟ್’ ಮಾಡುವುದು ಎಂಬ ಪ್ರಯೋಗವೂ, ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಹೇಳಿದಾಗ ಅದೇ ಶಬ್ದವು ‘ನಡತೆ’ ಎಂಬ ನಾಮಪದವಾಗುವುದೂ ಸುಲಭವಾಗಿ ಮನಸ್ಸಿಗೆ ಹತ್ತುವುವು. ‘ನಡೆ’ಯಿಂದ ‘ನಡಸು’, ‘ನಡತೆ’ ಎರಡೂ ಹುಟ್ಟಿರುವುದು ಇಲ್ಲಿ ಮತ್ತೊಂದು ಸಹಾಯ. ಒಂದು ಶಬ್ದಕ್ಕೆ ಹೀಗೆ ಅರ್ಧ ತಾಸು ಕಳೆದರೂ ಅದು ವ್ಯರ್ಥವಲ್ಲ.

೭

ಕಲಿತುದು ಉಳಿಯುವುದು ಹೇಗೆ ಎಂಬುದು ಕೊನೆಯ ಪ್ರಶ್ನೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅವರು ಅರ್ಥವಿಲ್ಲದ ಅಕ್ಷರಸಮೂಹಗಳನ್ನು ತಾವೇ ಬಾಯಿಪಾಠ ಮಾಡಿ ಪರೀಕ್ಷಿಸಿ, ೧೮೮೫ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿವೇಗವಾಗಿ, ಅನಂತರ ನಿಧಾನವಾಗಿ ನಡೆಯುವುದೆಂದೂ, ಒಂದೇ ದಿನ ಬಹಳ ಸಲ ಓದುವುದಕ್ಕಿಂತ ಹಲವು ದಿನಗಳಿಗೆ ಹಂಚಿ ಓದುವುದು ಮೇಲೆಂದೂ ಅವರು ಕಂಡರು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ವಿದ್ವಾಂಸರು ೨೦೦೬ರಲ್ಲಿ, ಓದಿದುದನ್ನು ಪುನಃ ಓದುವುದಕ್ಕಿಂತ ಪುಸ್ತಕವನ್ನು ಮುಚ್ಚಿ ನೆನಪಿನಿಂದ ಹೇಳಲು ಯತ್ನಿಸುವುದರಿಂದ ವಿಷಯವು ಹೆಚ್ಚು ದಿನ ನಿಲ್ಲುವುದೆಂದು ತೋರಿಸಿದರು. ಹಿಂದಿನ ಮಠಗಳಲ್ಲಿ ನಡೆಯುತ್ತಿದ್ದ ಆವೃತ್ತಿಗೂ ಒಪ್ಪಿಸುವ ಪದ್ಧತಿಗೂ ಇದು ಸಮರ್ಥನೆಯಾಗಿದೆ.

ಆದರೆ ಕೋಶಪದ್ಧತಿಯ ಒಂದು ಅಂಶವನ್ನು ಮಾತ್ರ ಆರಂಭದ ವಿದ್ಯಾರ್ಥಿಗೆ ಅನ್ವಯಿಸಲಾಗದು. ಅಮರಕೋಶವು ಪರ್ಯಾಯಪದಗಳನ್ನು ಒಂದೆಡೆ ಪೋಣಿಸುತ್ತದೆ. ಕಾವ್ಯರಚನೆಗೂ ಕಾವ್ಯಾಸ್ವಾದಕ್ಕೂ ಅದು ಉಪಕಾರಕ. ಪರಭಾಷೆಯನ್ನು ಹೊಸದಾಗಿ ಕಲಿಯುವವನಿಗೆ ಅರ್ಥದಲ್ಲಿ ಹತ್ತಿರವಾದ ಹೊಸ ಶಬ್ದಗಳನ್ನು ಒಟ್ಟಿಗೆ ಕೊಟ್ಟರೆ ಅವು ಒಂದರೊಡನೊಂದು ತೊಡಕಿಕೊಳ್ಳುವುವೆಂದು ಟಿಂಕಮ್ ಅವರು ೧೯೯೩ ಮತ್ತು ೧೯೯೭ರಲ್ಲಿ ಪ್ರಕಟಿಸಿದ ಪ್ರಯೋಗಗಳು ತಿಳಿಸುತ್ತವೆ. ‘ಬಾರೋ’, ‘ಲೆಂಡ್’ ಎರಡನ್ನೂ ಒಂದೇ ದಿನ ಕಲಿತವನಿಗೆ ಸಾಲ ತೆಗೆದುಕೊಳ್ಳುವುದು ಯಾವುದು, ಕೊಡುವುದು ಯಾವುದು ಎಂಬ ಸಂದೇಹವು ಬಹುಕಾಲ ತೀರದು. ಒಂದನ್ನು ಕಲಿಸಿ, ಅದು ಗಟ್ಟಿಯಾದ ಮೇಲೆ ಮತ್ತೊಂದನ್ನು ತರುವುದು ಲೇಸು.

೮

ಮೇಲೆ ಹೇಳಿದ ವಿಷಯಗಳಿಂದ ಶಾಲೆಯ ಶಬ್ದಪುಸ್ತಕದ ರೂಪವು ಹೇಗಿರಬೇಕೆಂಬುದು ತಾನಾಗಿ ಹೊರಡುವುದು. ಉಪಾಧ್ಯಾಯನು ಪಾಠದಲ್ಲಿರುವ ಅಪರಿಚಿತ ಶಬ್ದಗಳೆಲ್ಲವನ್ನೂ ಎತ್ತಿಕೊಳ್ಳದೆ, ಮುಂದೆಯೂ ಪದೇ ಪದೇ ಬರುವ ಕೆಲವನ್ನು ಆರಿಸಬೇಕು. ಉಳಿದುವಕ್ಕೆ ಆ ಸ್ಥಳದಲ್ಲಿ ಅರ್ಥ ಹೇಳಿ ಮುಂದುವರಿಯಬೇಕು. ಆರಿಸಿದ ಶಬ್ದವನ್ನು ಅದು ಬಂದ ವಾಕ್ಯದೊಡನೆ ಬರೆಸಿ, ಆ ವಾಕ್ಯದಲ್ಲಿ ಅದಕ್ಕಿರುವ ಅರ್ಥವನ್ನು ಕನ್ನಡದಲ್ಲಿ ಕೊಡಬೇಕು. ಅದರ ಸಹಚರ ಪದಗಳಿಗೂ, ಕುಟುಂಬದ ಪದಗಳಿಗೂ, ವಿದ್ಯಾರ್ಥಿಯ ಸ್ವಂತ ವಾಕ್ಯಕ್ಕೂ ಸ್ಥಳವನ್ನು ಬಿಡಿಸಬೇಕು. ಬೇರೆ ಪಾಠದಲ್ಲಿ ಬೇರೆ ಅರ್ಥದಲ್ಲಿ ಅದೇ ಶಬ್ದವು ಬಂದಾಗ ಅದೇ ಪುಟಕ್ಕೆ ಹಿಂದಿರುಗಿ ಬರೆಯಬೇಕು. ಮರುದಿನವೂ, ವಾರದ ಮೇಲೂ, ತಿಂಗಳ ಮೇಲೂ ಪುಸ್ತಕವನ್ನು ಮುಚ್ಚಿ ಒಪ್ಪಿಸಬೇಕು.

ಇದರಲ್ಲಿ ಕನ್ನಡದ ಅರ್ಥವನ್ನು ಬಿಡಬೇಕೆಂಬ ಅಭಿಪ್ರಾಯವಿಲ್ಲ. ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ಕಲಿಸಬೇಕೆಂಬ ಹಟವು, ಮನೆಯಲ್ಲಿ ಇಂಗ್ಲಿಷು ಕೇಳದ ಮಕ್ಕಳಿಗೆ ಇರುವ ಒಂದೇ ದೀಪವನ್ನು ಆರಿಸಿದಂತೆ. ಅಂತಹ ವಿದ್ಯಾರ್ಥಿಗೆ ಧಾತು, ಉಪಸರ್ಗ, ತದ್ಭವ, ನಾನಾರ್ಥ ಎಂಬ ಸಾಧನಗಳನ್ನು ಕನ್ನಡದ ಪಾಠವು ಆಗಲೇ ಕೈಗೆ ಕೊಟ್ಟಿದೆ. ಕನ್ನಡದ ಉಪಾಧ್ಯಾಯರೂ ಇಂಗ್ಲಿಷಿನ ಉಪಾಧ್ಯಾಯರೂ ಒಬ್ಬರ ಪಾಠವನ್ನೊಬ್ಬರು ತಿಳಿದು ಸಹಕರಿಸಿದರೆ, ಅವನು ಆ ಸಾಧನಗಳನ್ನು ಭೌತಶಾಸ್ತ್ರದ ಪುಟದ ಮುಂದೆಯೂ ಬಳಸಲು ಕಲಿಯುವನು.